ನಾಲ್ಕನೆಯ ನ್ಯೂಟ್ರಿನೊ: ಹುಡುಕುವ ಬಗೆ, ಇಲ್ಲವೆನ್ನುವ ಬಗೆ

ಸ್ಟೆರೈಲ್ ನ್ಯೂಟ್ರಿನೊ ಎಂಬ ಕಣವನ್ನು ಈವರೆಗೆ ಯಾರೂ ಕಂಡಿಲ್ಲ. ಆದರೂ ಅದರ ಬೆನ್ನು ಹತ್ತಿ ಮೂವತ್ತು ವರ್ಷಗಳೇ ಕಳೆದಿವೆ. ಅಮೆರಿಕ, ಯುರೋಪ್, ಜಪಾನ್‌ಗಳ ಪ್ರಯೋಗಾಲಯಗಳಲ್ಲಿ ನೂರಾರು ವಿಜ್ಞಾನಿಗಳು ಇದಕ್ಕಾಗಿ ದುಡಿದಿದ್ದಾರೆ. 2025ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೈಕ್ರೊಬೂನ್ ಎಂಬ ಪ್ರಯೋಗದ ತಂಡ ಒಂದು ಪ್ರಬಂಧ ಪ್ರಕಟಿಸಿತು. ಹಿಂದಿನ ಎರಡು ಪ್ರಯೋಗಗಳಲ್ಲಿ ಕಂಡ ವಿಚಿತ್ರಕ್ಕೆ ಒಂದು ಹಗುರವಾದ ಸ್ಟೆರೈಲ್ ನ್ಯೂಟ್ರಿನೊ ಕಾರಣವಿರಲಾರದು ಎಂದು ಅದರಲ್ಲಿ ಶೇ 95ರ ಭರವಸೆಯೊಂದಿಗೆ ಹೇಳಿತು. ‘ಇಲ್ಲ’ ಅನ್ನುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಕೇಳಬಹುದು. ಬೇಕಾಯಿತು. ಅದು ಯಾಕೆ ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಇದಕ್ಕೆ ಭೌತವಿಜ್ಞಾನದ ಪದವಿ ಬೇಕಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್ ಎಂಬ ಹೆಸರುಗಳು ಹೈಸ್ಕೂಲಿನಿಂದ ನೆನಪಿದ್ದರೆ ಇನ್ನೂ ಒಳ್ಳೆಯದು.

ಮೊದಲು ಗೊತ್ತಿರುವ ಮೂರು

ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ. ದ್ರವ್ಯರಾಶಿ ಇದೆ, ಆದರೆ ಎಲೆಕ್ಟ್ರಾನಿನ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಗುರುತ್ವವನ್ನು ಬಿಟ್ಟರೆ ಅದಕ್ಕೆ ತಗಲುವ ಬಲ ಒಂದೇ, ದುರ್ಬಲ ಬಲ. ಹೆಸರಿಗೆ ತಕ್ಕಂತೆ ಆ ಬಲ ಬಹಳ ಕ್ಷೀಣ. ಹಾಗಾಗಿ ನ್ಯೂಟ್ರಿನೊ ಇಡೀ ಭೂಮಿಯನ್ನೇ ಹಾದುಹೋದರೂ ಸಾಮಾನ್ಯವಾಗಿ ಎಲ್ಲೂ ಢಿಕ್ಕಿ ಹೊಡೆಯುವುದಿಲ್ಲ. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಇಂಥದೊಂದು ಕಣ ಇರಬೇಕೆಂದು ಊಹಿಸಿದರು. ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಅದನ್ನು ಹಿಡಿದು ತೋರಿಸುವ ಹೊತ್ತಿಗೆ 1956 ಆಗಿತ್ತು.

ಈಗ ನಮಗೆ ಮೂರು ಬಗೆಯ ನ್ಯೂಟ್ರಿನೊಗಳು ಗೊತ್ತು: ಎಲೆಕ್ಟ್ರಾನ್ ನ್ಯೂಟ್ರಿನೊ, ಮ್ಯೂಆನ್ ನ್ಯೂಟ್ರಿನೊ, ಟೌ ನ್ಯೂಟ್ರಿನೊ. ನ್ಯೂಟ್ರಿನೊವೇ ಕಣ್ಣಿಗೆ ಬೀಳದಿರುವಾಗ ಇದು ಇಂಥ ಬಗೆಯದು ಎಂದು ಹೇಳುವುದು ಹೇಗೆ? ಎಲೆಕ್ಟ್ರಾನ್ ನ್ಯೂಟ್ರಿನೊ ಪರಮಾಣು ಬೀಜಕ್ಕೆ ಬಡಿದಾಗ ಒಂದು ಎಲೆಕ್ಟ್ರಾನ್ ಹೊರಬೀಳಬಹುದು. ಮ್ಯೂಆನ್ ನ್ಯೂಟ್ರಿನೊ ಬಡಿದರೆ ಮ್ಯೂಆನ್ ಹೊರಬೀಳುತ್ತದೆ. ಮ್ಯೂಆನ್ ಎಂದರೆ ಎಲೆಕ್ಟ್ರಾನಿನ ಸುಮಾರು 207 ಪಟ್ಟು ಭಾರದ ಕಣ. ಹೊರಬಿದ್ದ ಕಣ ಯಾವುದೆಂದು ನೋಡಿ ಒಳಬಂದದ್ದು ಯಾವುದೆಂದು ಹೇಳುತ್ತೇವೆ. ಮುಂದಿನ ಕಥೆಯೆಲ್ಲ ಈ ಗುರುತು ಹಿಡಿಯುವ ಕೆಲಸದ ಮೇಲೇ ನಿಂತಿದೆ.

ಮೂರು ಬಗೆಗಳಲ್ಲಿ ಎರಡು ಸಿಕ್ಕಿದ್ದೇ ವೇಗವರ್ಧಕಗಳಿಂದ. ಪ್ರೋಟಾನ್‌ಗಳನ್ನು ವೇಗವಾಗಿ ಓಡಿಸಿ, ಅವುಗಳಿಂದ ನ್ಯೂಟ್ರಿನೊಗಳ ಪ್ರವಾಹ ಹುಟ್ಟಿಸಿದವರು ಲೆಡರ್‌ಮನ್, ಶ್ವಾರ್ಟ್ಸ್ ಮತ್ತು ಸ್ಟೈನ್‌ಬರ್ಗರ್. 1962ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಅವರು ನಡೆಸಿದ ಪ್ರಯೋಗದಿಂದ ಮ್ಯೂಆನ್ ನ್ಯೂಟ್ರಿನೊ ಬೇರೆಯದೇ ಬಗೆಯೆಂದು ತಿಳಿಯಿತು. ಟೌ ನ್ಯೂಟ್ರಿನೊ ಸಿಕ್ಕಿದ್ದು 2000ದಲ್ಲಿ, ಷಿಕಾಗೊ ಹತ್ತಿರದ ಫರ್ಮಿಲ್ಯಾಬ್‌ನಲ್ಲಿ. ಇವೆರಡರ ನಡುವೆ ನಮ್ಮ ಕೋಲಾರದ ಪಾಲೂ ಇದೆ. ವಾತಾವರಣಕ್ಕೆ ವಿಶ್ವಕಿರಣಗಳು ಬಡಿದು ಹುಟ್ಟುವ ನ್ಯೂಟ್ರಿನೊಗಳನ್ನು ಮೊತ್ತಮೊದಲು ಕಂಡ ತಂಡಗಳಲ್ಲಿ ಒಂದು, 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆ ಗುಂಪಿನಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು.

ಹಾಗಾದರೆ ಬಗೆಗಳು ಮೂರೇ ಏಕೆ? ನಾಲ್ಕನೆಯದು, ಐದನೆಯದು ಎಲ್ಲೋ ಅಡಗಿರಬಾರದೇಕೆ? ಇದಕ್ಕೆ ಜಿನೀವಾದ ಸರ್ನ್ ಪ್ರಯೋಗಾಲಯ ಒಂದು ಗಟ್ಟಿ ಉತ್ತರ ಕೊಟ್ಟಿದೆ. ಅಲ್ಲಿನ ಎಲ್‌ಇಪಿ ವೇಗವರ್ಧಕದಲ್ಲಿ ಝಡ್ ಎಂಬ ಕಣವನ್ನು ಲಕ್ಷಗಟ್ಟಲೆ ಹುಟ್ಟಿಸಿ, ಅದು ಎಷ್ಟು ಬೇಗ ಒಡೆಯುತ್ತದೆಂದು ಅಳೆದರು. ಒಡೆಯಲು ದಾರಿಗಳು ಹೆಚ್ಚಿದ್ದಷ್ಟೂ ಅದರ ಬಾಳು ಕಿರಿದು. ಪ್ರತಿ ನ್ಯೂಟ್ರಿನೊ ಬಗೆಯೂ ಒಂದೊಂದು ದಾರಿ. ಲೆಕ್ಕ ಹಾಕಿದಾಗ ನ್ಯೂಟ್ರಿನೊ ಬಗೆಗಳ ಸಂಖ್ಯೆ 2.984 ಎಂದು ಬಂತು. ದೋಷದ ಮಿತಿ 0.008. ಅಂದರೆ ಮೂರು. ದುರ್ಬಲ ಬಲಕ್ಕೆ ಸ್ಪಂದಿಸುವ ನಾಲ್ಕನೆಯ ಹಗುರ ನ್ಯೂಟ್ರಿನೊಗೆ ಇಲ್ಲಿ ಎಡೆಯೇ ಇಲ್ಲ.

ದುರ್ಬಲ ಬಲಕ್ಕೂ ಸಿಗದ ನ್ಯೂಟ್ರಿನೊ ಆದರೆ ಮಾತ್ರ ಅದು ಈ ಲೆಕ್ಕದಿಂದ ತಪ್ಪಿಸಿಕೊಳ್ಳಬಲ್ಲದು. ಅಂಥದಕ್ಕೆ 1967ರಲ್ಲಿ ಬ್ರೂನೊ ಪೊಂಟೆಕೊರ್ವೊ ‘ಸ್ಟೆರೈಲ್’ ಎಂದು ಹೆಸರಿಟ್ಟರು. ಯಾವುದಕ್ಕೂ ಬಡಿಯದ, ಯಾವ ಗುರುತನ್ನೂ ಬಿಡದ ಕಣವಿದು. ಹಾಗಿದ್ದಮೇಲೆ ಹುಡುಕುವುದೆಲ್ಲಿ?

ಬಗೆ ಬದಲಿಸುವ ಗುಣ

ಇಲ್ಲಿ ನೆರವಿಗೆ ಬರುವುದು ನ್ಯೂಟ್ರಿನೊಗಳ ಒಂದು ವಿಶೇಷ ಗುಣ. ಹುಟ್ಟುವಾಗ ಮ್ಯೂಆನ್ ನ್ಯೂಟ್ರಿನೊ ಆಗಿದ್ದದ್ದು ದಾರಿ ಸಾಗುತ್ತ ಸಾಗುತ್ತ ಬೇರೆ ಬಗೆಯದಾಗಿ ಕಾಣಿಸಿಕೊಳ್ಳಬಹುದು. ಇನ್ನಷ್ಟು ದೂರ ಹೋದರೆ ಮತ್ತೆ ಮ್ಯೂಆನ್ ನ್ಯೂಟ್ರಿನೊ ಆಗಬಹುದು. ಇದಕ್ಕೆ ಆಂದೋಲನ ಎನ್ನುತ್ತಾರೆ. ಜಪಾನಿನ ಸೂಪರ್ ಕಮಿಯೊಕಾಂಡೆ 1998ರಲ್ಲೂ ಕೆನಡಾದ ಸಡ್ಬರಿ ವೀಕ್ಷಣಾಲಯ 2001–02ರಲ್ಲೂ ಇದನ್ನು ಸಾಬೀತುಪಡಿಸಿದವು. ಆ ಕೆಲಸಕ್ಕೆ ಕಜಿಟಾ ಮತ್ತು ಮ್ಯಾಕ್‌ಡೊನಾಲ್ಡ್ ಅವರಿಗೆ 2015ರ ನೊಬೆಲ್ ಬಂತು.

ಇದು ಹೇಗೆ ಆಗುತ್ತದೆ? ತಂಬೂರಿಯ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸುವಾಗ, ಶ್ರುತಿ ಇನ್ನೂ ಸರಿಯಾಗಿ ಸೇರಿಲ್ಲದ ಹೊತ್ತಿನಲ್ಲಿ, ನಾದ ಏರಿ ಇಳಿಯುವುದನ್ನು ಕೇಳಿರುತ್ತೀರಿ. ಎರಡು ತಂತಿಗಳ ಕಂಪನದಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಏರಿಳಿತ ಬೇಗಬೇಗ. ವ್ಯತ್ಯಾಸ ಕಡಿಮೆಯಾದಂತೆ ಏರಿಳಿತ ನಿಧಾನ. ಮ್ಯೂಆನ್ ನ್ಯೂಟ್ರಿನೊ ಎಂಬುದು ಒಂದೇ ತಂತಿಯ ನಾದವಲ್ಲ. ಮೂರು ಬೇರೆಬೇರೆ ದ್ರವ್ಯರಾಶಿಗಳ ಮೂರು ಅಲೆಗಳು ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆತದ್ದು. ಎಲೆಕ್ಟ್ರಾನ್ ನ್ಯೂಟ್ರಿನೊ ಕೂಡ ಅದೇ ಮೂರು ಅಲೆಗಳ ಬೆರಕೆ, ಪ್ರಮಾಣ ಮಾತ್ರ ಬೇರೆ. ಅಲೆಗಳು ಒಟ್ಟಿಗೆ ಹೊರಟರೂ ಹೋಗುತ್ತ ಹೋಗುತ್ತ ಅವುಗಳ ಹೊಂದಿಕೆ ತಪ್ಪುತ್ತದೆ, ಬೆರಕೆಯ ಸ್ವರೂಪ ಬದಲಾಗುತ್ತದೆ.

ದ್ರವ್ಯರಾಶಿಗಳ ವ್ಯತ್ಯಾಸ ದೊಡ್ಡದಾದರೆ ಸ್ವಲ್ಪ ದೂರದಲ್ಲೇ ಬಗೆ ಬದಲಾಗುತ್ತದೆ; ಚಿಕ್ಕದಾದರೆ ಬಹುದೂರ ಹೋಗಬೇಕು. ನ್ಯೂಟ್ರಿನೊದ ಶಕ್ತಿ ಹೆಚ್ಚಾದರೂ ದೂರ ಹೆಚ್ಚು ಬೇಕು. ಇದನ್ನು ಲೆಕ್ಕಕ್ಕೆ ತರಲು ಒಂದು ಸುಲಭ ಸೂತ್ರ ಹೇಳುತ್ತೇನೆ. ನ್ಯೂಟ್ರಿನೊ ಸಾಗಿದ ದೂರವನ್ನು ಕಿಲೋಮೀಟರಿನಲ್ಲಿ ಬರೆಯಿರಿ. ಅದನ್ನು ಅದರ ಶಕ್ತಿಯಿಂದ, ಅಂದರೆ ಗಿಗಾ ಎಲೆಕ್ಟ್ರಾನ್‌ವೋಲ್ಟ್ ಲೆಕ್ಕದ ಶಕ್ತಿಯಿಂದ, ಭಾಗಿಸಿ. ಬಂದ ಭಾಗಲಬ್ಧವನ್ನು ದ್ರವ್ಯರಾಶಿ ವರ್ಗಗಳ ವ್ಯತ್ಯಾಸದಿಂದ ಗುಣಿಸಿ. ಉತ್ತರ ಸುಮಾರು 1.24 ಆದಾಗ ಬಗೆ ಬದಲಾವಣೆ ಮೊದಲ ಬಾರಿಗೆ ತುತ್ತತುದಿ ಮುಟ್ಟುತ್ತದೆ. ದೂರವನ್ನು ಮೀಟರಿನಲ್ಲೂ ಶಕ್ತಿಯನ್ನು ಮೆಗಾ ಎಲೆಕ್ಟ್ರಾನ್‌ವೋಲ್ಟಿನಲ್ಲೂ ಬರೆದರೆ ಭಾಗಲಬ್ಧ ಅದೇ ಬರುತ್ತದೆ, ಎರಡು ಅಳತೆಮಾನಗಳೂ ಸಾವಿರ ಪಟ್ಟು ಚಿಕ್ಕವಾಗಿರುತ್ತವೆ.

ಪ್ರಯೋಗಗಳಿಂದ ತಿಳಿದ ವ್ಯತ್ಯಾಸಗಳು ಎರಡು: ಎಲೆಕ್ಟ್ರಾನ್‌ವೋಲ್ಟ್ ವರ್ಗದ ಲೆಕ್ಕದಲ್ಲಿ ಒಂದು ಸುಮಾರು 0.0025, ಇನ್ನೊಂದು ಸುಮಾರು 0.000075. ಮೊದಲನೆಯದನ್ನು ಸೂತ್ರಕ್ಕೆ ಹಾಕಿ ನೋಡಿ. ಭಾಗಲಬ್ಧ ಸುಮಾರು 500 ಆಗಬೇಕು. ಅಂದರೆ 1 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಿನೊ 500 ಕಿಲೋಮೀಟರ್ ಸಾಗಬೇಕು. ಎರಡನೆಯದಕ್ಕೆ ದೂರ 16 ಸಾವಿರ ಕಿಲೋಮೀಟರಿಗೂ ಹೆಚ್ಚು. ಅರ್ಧ ಕಿಲೋಮೀಟರಿನಲ್ಲಿ ಏನಾಗುತ್ತದೆ? ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಭಾಗಲಬ್ಧ 1 ಆಗಿರುವ ಜಾಗದಲ್ಲಿ ಮ್ಯೂಆನ್ ನ್ಯೂಟ್ರಿನೊ ಎಲೆಕ್ಟ್ರಾನ್ ನ್ಯೂಟ್ರಿನೊ ಆಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕೂ ಕಡಿಮೆ.

ಇನ್ನೊಂದು ಮಾತು. ದ್ರವ್ಯರಾಶಿಗಳು ಮೂರೇ ಇದ್ದರೆ ಸ್ವತಂತ್ರ ವ್ಯತ್ಯಾಸಗಳು ಎರಡೇ. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ, ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಗೊತ್ತಾದರೆ, ಒಂದಕ್ಕೂ ಮೂರಕ್ಕೂ ಇರುವ ಅಂತರ ತಾನಾಗಿ ಸಿಗುತ್ತದೆ. ಎರಡೂ ಚಿಕ್ಕವಾಗಿದ್ದರೆ ಮೂರನೆಯದು ದೊಡ್ಡದಾಗಲಾರದು. ಆದ್ದರಿಂದ ಯಾರಾದರೂ ಕೆಲವೇ ಮೀಟರುಗಳಲ್ಲಿ ಬಗೆ ಬದಲಾವಣೆ ಕಂಡರೆ ದೊಡ್ಡದೊಂದು ವ್ಯತ್ಯಾಸ ಇರಬೇಕು, ಅದಕ್ಕೆ ನಾಲ್ಕನೆಯ ದ್ರವ್ಯರಾಶಿ ಬೇಕು. ಆ ನಾಲ್ಕನೆಯ ಅಲೆ ಬಹುಪಾಲು ಸ್ಟೆರೈಲ್ ಆಗಿರಲೇಬೇಕು, ಯಾಕೆಂದರೆ ಝಡ್ ಕಣದ ಲೆಕ್ಕ ಬೇರೆಯದಕ್ಕೆ ಒಪ್ಪುವುದಿಲ್ಲ. ಯಾವ ಗುರುತನ್ನೂ ಬಿಡದ ಕಣವನ್ನು ಹುಡುಕುವ ದಾರಿ ಇದೇ. ಅದನ್ನು ನೇರವಾಗಿ ನೋಡುವ ಮಾತಿಲ್ಲ. ಗೊತ್ತಿರುವ ನ್ಯೂಟ್ರಿನೊಗಳು ಹತ್ತಿರದಲ್ಲೇ ಬಗೆ ಬದಲಿಸುತ್ತವೆಯೇ ಎಂದು ನೋಡುವುದು.

ಲಾಸ್ ಅಲಮೋಸ್‌ನ 88 ಘಟನೆಗಳು

ಹಾಗೆ ಕಂಡೆವು ಎಂದು ಮೊದಲು ಹೇಳಿದ್ದು ಎಲ್‌ಎಸ್‌ಎನ್‌ಡಿ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ 1993ರಿಂದ 1998ರವರೆಗೆ ನಡೆದ ಪ್ರಯೋಗವಿದು. ಅಲ್ಲಿನ ವೇಗವರ್ಧಕದ ಪ್ರೋಟಾನ್‌ಗಳು ಗುರಿಗೆ ಬಡಿದು ಪಯಾನ್ ಎಂಬ ಕಣಗಳು ಹುಟ್ಟುತ್ತಿದ್ದವು. ಧನ ಪಯಾನ್ ನಿಂತಲ್ಲೇ ಒಡೆದು ಮ್ಯೂಆನ್ ಕೊಡುತ್ತದೆ, ಮ್ಯೂಆನ್ ಒಡೆದು ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಪ್ರತಿಕಣ, ಕೊಡುತ್ತದೆ. ಈ ಸರಣಿಯಲ್ಲಿ ಮೂರು ನ್ಯೂಟ್ರಿನೊಗಳು ಹುಟ್ಟುತ್ತವೆ: ಮ್ಯೂಆನ್ ನ್ಯೂಟ್ರಿನೊ, ಮ್ಯೂಆನ್ ಪ್ರತಿನ್ಯೂಟ್ರಿನೊ (ಅದರ ಪ್ರತಿಕಣ), ಎಲೆಕ್ಟ್ರಾನ್ ನ್ಯೂಟ್ರಿನೊ. ಪಟ್ಟಿಯಲ್ಲಿ ಇಲ್ಲದ್ದು ಯಾವುದು ನೋಡಿ: ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ. ಋಣ ಪಯಾನ್‌ಗಳಿಂದ ಅದು ಹುಟ್ಟಬಹುದಿತ್ತು, ಆದರೆ ಅವನ್ನು ಬಹುಮಟ್ಟಿಗೆ ಗುರಿಯ ಸುತ್ತಲಿನ ಪರಮಾಣು ಬೀಜಗಳೇ ನುಂಗಿಬಿಡುತ್ತವೆ. ಹಾಗಾಗಿ ಪತ್ತೆಯಂತ್ರದಲ್ಲಿ ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ ಸಿಕ್ಕರೆ ಅದು ದಾರಿಯಲ್ಲಿ ಬಗೆ ಬದಲಿಸಿ ಬಂದದ್ದೇ ಇರಬೇಕು.

ಗುರಿಯಿಂದ ಸುಮಾರು 30 ಮೀಟರ್ ದೂರದಲ್ಲಿ 167 ಟನ್ ಖನಿಜ ತೈಲದ ಟ್ಯಾಂಕು ಇತ್ತು. ಅದರ ಗೋಡೆಯಲ್ಲಿ ಬೆಳಕು ಹಿಡಿಯುವ 1220 ಕೊಳವೆಗಳಿದ್ದವು. ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ ಒಂದು ಪ್ರೋಟಾನಿಗೆ ಬಡಿದರೆ ಪಾಸಿಟ್ರಾನ್ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಮೊದಲು ಪಾಸಿಟ್ರಾನಿನ ಬೆಳಕು. ಸ್ವಲ್ಪ ತಡೆದು, ನ್ಯೂಟ್ರಾನ್ ಹೈಡ್ರೋಜನ್ನಿಗೆ ಅಂಟಿಕೊಂಡಾಗ 2.2 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಇನ್ನೊಂದು ಮಿಂಚು. ಈ ಜೋಡಿ ಗುರುತಿನ ಬಲದಿಂದ ಎಣಿಸಿದಾಗ, ನಿರೀಕ್ಷೆಗಿಂತ 87.9 ಘಟನೆಗಳು ಹೆಚ್ಚು ಸಿಕ್ಕವು. ಬಗೆ ಬದಲಾವಣೆಯ ಪ್ರಮಾಣ ಎಂದು ಓದಿದರೆ ಸಾವಿರಕ್ಕೆ ಸುಮಾರು ಎರಡೂವರೆ. ನಾವು ಮೇಲೆ ಲೆಕ್ಕ ಹಾಕಿದ್ದು ಹತ್ತು ಲಕ್ಷಕ್ಕೆ ಒಂದಕ್ಕೂ ಕಡಿಮೆ ಎಂದು. ಅಜಗಜಾಂತರ.

ಈ ನ್ಯೂಟ್ರಿನೊಗಳ ಶಕ್ತಿ ಸುಮಾರು 40 ಮೆಗಾ ಎಲೆಕ್ಟ್ರಾನ್‌ವೋಲ್ಟ್. 30ನ್ನು 40ರಿಂದ ಭಾಗಿಸಿದರೆ 0.75. ಸೂತ್ರಕ್ಕೆ ಹಾಕಿದರೆ ದ್ರವ್ಯರಾಶಿ ವರ್ಗಗಳ ವ್ಯತ್ಯಾಸ 1ರ ಆಸುಪಾಸಿನಲ್ಲಿರಬೇಕು. 0.0025 ಎಲ್ಲಿ, 1 ಎಲ್ಲಿ! ನಾಲ್ಕನೆಯ ನ್ಯೂಟ್ರಿನೊ ಚರ್ಚೆಗೆ ಬಂದದ್ದು ಹೀಗೆ.

ಎಲ್ಲರೂ ಒಪ್ಪಿದರೇ? ಇಲ್ಲ. ಇಂಗ್ಲೆಂಡಿನ ರುದರ್‌ಫರ್ಡ್ ಆ್ಯಪಲ್ಟನ್ ಪ್ರಯೋಗಾಲಯದಲ್ಲಿ ಕಾರ್ಮೆನ್ ಎಂಬ ಪ್ರಯೋಗ ಇದೇ ಬಗೆಯ ನ್ಯೂಟ್ರಿನೊಗಳನ್ನು 17.7 ಮೀಟರ್ ದೂರದಲ್ಲಿ ಗಮನಿಸಿತು. ಅದಕ್ಕೆ ಸಿಕ್ಕಿದ್ದು 15 ಘಟನೆಗಳು. ಸುಮ್ಮನೆ ಬರಬೇಕಾದ ಹಿನ್ನೆಲೆಯೇ 15.8 ಇತ್ತು. ಹೆಚ್ಚಿನದು ಏನೂ ಇರಲಿಲ್ಲ. ಆದರೆ ದೂರ ಬೇರೆ, ಪತ್ತೆಯಂತ್ರವೂ ಚಿಕ್ಕದು. ಹಾಗಾಗಿ ಎಲ್‌ಎಸ್‌ಎನ್‌ಡಿ ಹೇಳಿದ ಸಾಧ್ಯತೆಗಳಲ್ಲಿ ಕೆಲವನ್ನು ಅದು ಅಳಿಸಿತು, ಎಲ್ಲವನ್ನೂ ಅಳಿಸಲಾಗಲಿಲ್ಲ.

ಮಿನಿಬೂನ್: ದೂರವೂ ಹೆಚ್ಚು, ಶಕ್ತಿಯೂ ಹೆಚ್ಚು

ಒಂದು ವಿಚಿತ್ರವನ್ನು ಪರೀಕ್ಷಿಸಲು ಅದೇ ಉಪಕರಣವನ್ನು ಮತ್ತೆ ಕಟ್ಟಿದರೆ ಅದೇ ತಪ್ಪೂ ಮರುಕಳಿಸಬಹುದು. ಭಾಗಲಬ್ಧವನ್ನು ಹಾಗೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಬದಲಿಸುವುದು ಜಾಣತನ. ಫರ್ಮಿಲ್ಯಾಬ್‌ನ ಮಿನಿಬೂನ್ ಮಾಡಿದ್ದು ಅದನ್ನೇ. ದೂರ 541 ಮೀಟರ್, ಶಕ್ತಿ ನೂರಾರು ಮೆಗಾ ಎಲೆಕ್ಟ್ರಾನ್‌ವೋಲ್ಟ್. ಭಾಗಿಸಿ ನೋಡಿ, ಮತ್ತೆ 1ರ ಹತ್ತಿರವೇ.

ನ್ಯೂಟ್ರಿನೊ ಪ್ರವಾಹ ಹುಟ್ಟಿಸುವುದು ಹೇಗೆ ಎಂದು ಇಲ್ಲೇ ನೋಡಿಬಿಡೋಣ. ಬೂಸ್ಟರ್ ಎಂಬ ವರ್ತುಲ ವೇಗವರ್ಧಕದಲ್ಲಿ ಪ್ರೋಟಾನ್‌ಗಳಿಗೆ 8 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ತುಂಬುತ್ತಾರೆ. ಅವನ್ನು ಬೆರಿಲಿಯಮ್ ಲೋಹದ ಗುರಿಗೆ ಹೊಡೆಯುತ್ತಾರೆ. ಗುರಿಯಿಂದ ಪಯಾನ್‌ಗಳು ಚೆಲ್ಲಾಪಿಲ್ಲಿಯಾಗಿ ಹೊರಡುತ್ತವೆ. ಗುರಿಯ ಸುತ್ತ ‘ಹಾರ್ನ್’ ಎಂಬ ಲೋಹದ ಉಪಕರಣವಿದೆ. ಪ್ರೋಟಾನ್‌ಗಳು ಬಡಿಯುವ ಕ್ಷಣದಲ್ಲಿ ಅದರ ಮೂಲಕ ಸುಮಾರು 1 ಲಕ್ಷ 74 ಸಾವಿರ ಆಂಪಿಯರ್ ವಿದ್ಯುತ್ ಹರಿಸುತ್ತಾರೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಧನ ಪಯಾನ್‌ಗಳನ್ನು ಮುಂದಕ್ಕೆ ಒಗ್ಗೂಡಿಸುತ್ತದೆ, ಋಣದವನ್ನು ಹೊರಕ್ಕೆ ದೂಡುತ್ತದೆ. ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಪ್ರತಿನ್ಯೂಟ್ರಿನೊಗಳ ಪ್ರವಾಹ ಸಿಗುತ್ತದೆ. ಮುಂದೆ 50 ಮೀಟರ್ ಉದ್ದದ ಖಾಲಿ ಸುರಂಗ. ಅದರಲ್ಲಿ ಓಡುತ್ತಲೇ ಪಯಾನ್‌ಗಳು ಒಡೆದು ಮ್ಯೂಆನ್ ಮತ್ತು ಮ್ಯೂಆನ್ ನ್ಯೂಟ್ರಿನೊ ಆಗುತ್ತವೆ. ಸುರಂಗದ ಕೊನೆಯಲ್ಲಿ ಉಕ್ಕು, ಕಾಂಕ್ರೀಟು, ಆಮೇಲೆ ಬರೀ ಮಣ್ಣು. ಉಳಿದ ಕಣಗಳೆಲ್ಲ ಅಲ್ಲೇ ನಿಲ್ಲುತ್ತವೆ, ನ್ಯೂಟ್ರಿನೊಗಳು ಮಾತ್ರ ಆಚೆ ದಾಟುತ್ತವೆ. ಪ್ರತಿ ಸಲದ ಹೊಡೆತ ಸೆಕೆಂಡಿನ ಹತ್ತು ಲಕ್ಷದ ಒಂದೂವರೆ ಭಾಗದಷ್ಟು ಮಾತ್ರ. ನ್ಯೂಟ್ರಿನೊ ಯಾವ ಕ್ಷಣ ಬರಬೇಕೆಂದು ಮೊದಲೇ ಗೊತ್ತಿರುವುದರಿಂದ ಬೇರೆ ಹೊತ್ತಿನ ಗದ್ದಲವನ್ನು ತಳ್ಳಿಹಾಕಬಹುದು. ಸೂರ್ಯನಿಂದಲೋ ಆಕಾಶದಿಂದಲೋ ಬರುವ ನ್ಯೂಟ್ರಿನೊಗಳಲ್ಲಿ ಈ ಸೌಲಭ್ಯವಿಲ್ಲ. ವೇಗವರ್ಧಕದ ದೊಡ್ಡ ಅನುಕೂಲ ಇದು.

ಈ ಪ್ರವಾಹ ಶುದ್ಧವೇ? ಪೂರ್ತಿ ಅಲ್ಲ. ಮ್ಯೂಆನ್‌ಗಳೂ ಕೇಯಾನ್ ಎಂಬ ಬೇರೆ ಕಣಗಳೂ ಒಡೆದು ಒಂದಿಷ್ಟು ಎಲೆಕ್ಟ್ರಾನ್ ನ್ಯೂಟ್ರಿನೊಗಳು ಹುಟ್ಟಿನಿಂದಲೇ ಸೇರಿಕೊಂಡಿರುತ್ತವೆ. ಪ್ರಮಾಣ ಶೇ 1ಕ್ಕಿಂತ ಕಡಿಮೆ. ಆದರೆ ಹುಡುಕುತ್ತಿರುವುದು ಸಾವಿರಕ್ಕೆ ಎರಡೋ ಮೂರೋ. ಈ ಹುಟ್ಟು ಬೆರಕೆಯನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತದೆ.

ಮಿನಿಬೂನ್ 12 ಮೀಟರ್ ವ್ಯಾಸದ ಗೋಳ, ಒಳಗೆ 818 ಟನ್ ಖನಿಜ ತೈಲ. ವೇಗದ ಮ್ಯೂಆನ್ ತೈಲದಲ್ಲಿ ಓಡಿದರೆ ಗೋಡೆಯ ಮೇಲೆ ಅಂಚು ಸ್ಪಷ್ಟವಾದ ಬೆಳಕಿನ ಉಂಗುರ ಮೂಡುತ್ತದೆ. ಎಲೆಕ್ಟ್ರಾನ್ ಓಡುತ್ತ ಚದರುವುದರಿಂದ ಅದರ ಉಂಗುರದ ಅಂಚು ಮಸುಕು. 2002ರಿಂದ 2019ರವರೆಗೆ ಎಣಿಸಿದಾಗ ಕಡಿಮೆ ಶಕ್ತಿಯ ಕಡೆ ಎಲೆಕ್ಟ್ರಾನಿನಂಥ ಉಂಗುರಗಳು ನಿರೀಕ್ಷೆಗಿಂತ 638 ಹೆಚ್ಚು ಸಿಕ್ಕವು. ಇದನ್ನು 4.8 ಸಿಗ್ಮಾ ಎನ್ನುತ್ತಾರೆ. 5 ಸಿಗ್ಮಾ ಎಂದರೆ ಬರೀ ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು. ಹೊಸ ಕಣ ಸಿಕ್ಕಿತೆಂದು ಸಾರಲು ಕಣವಿಜ್ಞಾನಿಗಳು ಕೇಳುವುದು ಆ 5ನ್ನು.

4.8 ಅಂದರೆ ಹೆಚ್ಚುಕಡಿಮೆ ಮುಟ್ಟಿದಂತೆಯೇ ಅಲ್ಲವೇ? ಹೊಸಬರು ಎಡವುವುದು ಇಲ್ಲೇ. 638ರ ಜೊತೆಗಿನ ಅನಿಶ್ಚಿತತೆಯನ್ನು ಬಿಡಿಸಿ ನೋಡಿ. ಎಣಿಕೆಯ ಏರುಪೇರಿನಿಂದ ಬಂದದ್ದು 52, ಹಿನ್ನೆಲೆಯನ್ನು ಎಷ್ಟು ಚೆನ್ನಾಗಿ ಬಲ್ಲೆವು ಎಂಬುದರಿಂದ ಬಂದದ್ದು 122. ಇನ್ನೂ ಹತ್ತು ವರ್ಷ ಎಣಿಸಿದರೆ ಮೊದಲನೆಯ ಅಂಶವನ್ನು ಇಳಿಸಬಹುದು. ಎರಡನೆಯದು ಹಾಗೇ ಉಳಿಯುತ್ತದೆ. ‘ಹೆಚ್ಚು’ ಎಂಬ ಮಾತಿಗೆ ಅರ್ಥ ಬರುವುದು ‘ಎಷ್ಟಿರಬೇಕಿತ್ತು’ ಎಂಬುದು ಖಚಿತವಾಗಿ ಗೊತ್ತಿದ್ದಾಗ ಮಾತ್ರ. ಆಕಸ್ಮಿಕವಲ್ಲ ಎಂದಾದರೂ ಅದು ಸ್ಟೆರೈಲ್ ನ್ಯೂಟ್ರಿನೊ ಎಂದಾಗುವುದಿಲ್ಲ.

ಎಲೆಕ್ಟ್ರಾನೋ ಫೋಟಾನೋ

ಮಿನಿಬೂನ್‌ನ ದೊಡ್ಡ ಕೊರತೆ ಒಂದಿತ್ತು. ಗಾಮಾ ಕಿರಣದ ಫೋಟಾನ್ ಕೂಡ ತೈಲದಲ್ಲಿ ಮಸುಕು ಉಂಗುರವನ್ನೇ ಮೂಡಿಸುತ್ತದೆ. ಅದಕ್ಕೂ ಎಲೆಕ್ಟ್ರಾನಿಗೂ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನ್ಯೂಟ್ರಿನೊ ಬಡಿತದಿಂದ ತಟಸ್ಥ ಪಯಾನ್ ಹುಟ್ಟಿ ಎರಡು ಫೋಟಾನ್ ಆಗುವುದು ತೀರ ಸಾಮಾನ್ಯ. ಎರಡರಲ್ಲಿ ಒಂದು ಕಣ್ತಪ್ಪಿದರೆ ಉಳಿದದ್ದು ಎಲೆಕ್ಟ್ರಾನ್ ಎಂದೇ ಲೆಕ್ಕಕ್ಕೆ ಬೀಳುತ್ತದೆ. ಆ 638ರಲ್ಲಿ ಇಂಥವು ಎಷ್ಟು?

ಇದನ್ನು ಬಗೆಹರಿಸಲು ಅದೇ ಪ್ರವಾಹದ ದಾರಿಯಲ್ಲಿ, 470 ಮೀಟರ್ ದೂರದಲ್ಲಿ ಮೈಕ್ರೊಬೂನ್ ಕಟ್ಟಿದರು. ಇದರಲ್ಲಿ ತೈಲದ ಬದಲು ದ್ರವ ಆರ್ಗಾನ್. ಆರ್ಗಾನ್ ಅನಿಲವನ್ನು ಮೈನಸ್ 186 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ 170 ಟನ್ ತುಂಬಿದರು. ಕಾರ್ಲೊ ರುಬಿಯಾ 1977ರಲ್ಲಿ ಮುಂದಿಟ್ಟ ಉಪಾಯವಿದು. ಆವೇಶವಿರುವ ಕಣ ಆರ್ಗಾನಿನೊಳಗೆ ಓಡುತ್ತ ದಾರಿಯುದ್ದಕ್ಕೂ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕೀಳುತ್ತದೆ. ಟ್ಯಾಂಕಿಗೆ ಅಡ್ಡಲಾಗಿ ವಿದ್ಯುತ್ ಕ್ಷೇತ್ರವಿದೆ. ಕಿತ್ತುಬಂದ ಎಲೆಕ್ಟ್ರಾನ್‌ಗಳು ಅದಕ್ಕೆ ಸಿಕ್ಕಿ, ಇದ್ದ ಆಕಾರದಲ್ಲೇ, ಒಂದು ಬದಿಗೆ ಮೆಲ್ಲನೆ ತೇಲುತ್ತವೆ. ಎರಡೂವರೆ ಮೀಟರ್ ದಾಟಲು ಎರಡು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಆ ಬದಿಯಲ್ಲಿ 3 ಮಿಲಿಮೀಟರಿಗೊಂದರಂತೆ ಎಂಟು ಸಾವಿರಕ್ಕೂ ಹೆಚ್ಚು ತೆಳುತಂತಿಗಳನ್ನು ಮೂರು ಪದರಗಳಲ್ಲಿ, ಮೂರು ಕೋನಗಳಲ್ಲಿ ಬಿಗಿದಿದ್ದಾರೆ. ಯಾವ ತಂತಿಗೆ ಯಾವಾಗ ಆವೇಶ ತಲುಪಿತು ಎಂಬುದನ್ನು ಕೂಡಿಸಿದರೆ ಘಟನೆಯ ಚಿತ್ರವೇ ಸಿಗುತ್ತದೆ. ಆಮ್ಲಜನಕದಂಥ ಕಲ್ಮಶ ಚೂರು ಉಳಿದರೂ ತೇಲುವ ಎಲೆಕ್ಟ್ರಾನ್‌ಗಳನ್ನು ಅದು ನುಂಗುತ್ತದೆ. ಆದ್ದರಿಂದ ಆರ್ಗಾನನ್ನು ಬಿಡದೆ ಶುದ್ಧೀಕರಿಸುತ್ತಿರಬೇಕು.

ಈ ಚಿತ್ರವನ್ನು ಹತ್ತಿರದಿಂದ ನೋಡಿ. ನ್ಯೂಟ್ರಿನೊ ಬಡಿದ ಬಿಂದುವಿನಿಂದ ಪ್ರೋಟಾನಿನ ಗಿಡ್ಡ, ದಪ್ಪ ಗೆರೆ ಹೊರಟಿರುತ್ತದೆ. ಅದೇ ಬಿಂದುವಿಗೆ ಅಂಟಿಕೊಂಡು ಇನ್ನೊಂದು ಗೆರೆ ಶುರುವಾಗಿ, ಮುಂದೆ ಕವಲೊಡೆದು ಹರಡಿದರೆ ಅದು ಎಲೆಕ್ಟ್ರಾನ್. ಫೋಟಾನಿಗೆ ಆವೇಶವಿಲ್ಲ, ಹಾಗಾಗಿ ಅದು ಮೊದಲು ಗೆರೆ ಬಿಡುವುದಿಲ್ಲ. ಹತ್ತಿಪ್ಪತ್ತು ಸೆಂಟಿಮೀಟರ್ ಹಾಗೇ ಸಾಗಿ, ಆಮೇಲೆ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ. ಚಿತ್ರದಲ್ಲಿ ಬಿಂದುವಿಗೂ ಕವಲಿಗೂ ನಡುವೆ ಖಾಲಿ ಜಾಗ ಕಾಣುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ಒಂಟಿ ಎಲೆಕ್ಟ್ರಾನ್ ಮೊದಲ ಕೆಲವು ಸೆಂಟಿಮೀಟರುಗಳಲ್ಲಿ, ಸೆಂಟಿಮೀಟರಿಗೆ ಸುಮಾರು 2 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬಿಡುತ್ತದೆ. ಜೋಡಿ ಬಿಡುವುದು ಅದರ ಎರಡರಷ್ಟು. ಖಾಲಿ ಜಾಗ ಕಾಣದಷ್ಟು ಕಿರಿದಾಗಿದ್ದರೂ ಗೆರೆಯ ಗಾಢತೆ ಸುಳ್ಳು ಹೇಳುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಮೊದಲ ಫಲಿತಾಂಶಗಳು ಹೊರಬಂದವು. ಎಲೆಕ್ಟ್ರಾನ್ ನ್ಯೂಟ್ರಿನೊಗಳನ್ನು ಬೇರೆಬೇರೆ ವಿಧಾನಗಳಿಂದ ಹುಡುಕಿದ್ದರು. ಮಿನಿಬೂನ್ ಕಂಡಂಥ ಎಲೆಕ್ಟ್ರಾನ್ ಹೆಚ್ಚಳ ಎಲ್ಲೂ ಸಿಗಲಿಲ್ಲ. ಒಂಟಿ ಫೋಟಾನ್ ಹುಟ್ಟಲು ಬಹುಮಂದಿ ಶಂಕಿಸಿದ್ದ ಒಂದು ಪರಿಚಿತ ದಾರಿಯೂ ಆ ಹೆಚ್ಚಳಕ್ಕೆ ಕಾರಣವಲ್ಲ ಎಂಬ ಕಡೆಗೇ ಫಲಿತಾಂಶ ವಾಲಿತು.

ಇಲ್ಲ ಎಂದು ಹೇಳಲು ಎರಡು ಪ್ರವಾಹ

ಹಾಗಾದರೆ 2021ಕ್ಕೇ ಕಥೆ ಮುಗಿಯಲಿಲ್ಲವೇಕೆ? ಸ್ಟೆರೈಲ್ ನ್ಯೂಟ್ರಿನೊ ನಿಜವಾಗಿಯೂ ಇದ್ದರೆ ಅದು ಎರಡು ಕೆಲಸ ಮಾಡಬೇಕು. ಮ್ಯೂಆನ್ ನ್ಯೂಟ್ರಿನೊಗಳಲ್ಲಿ ಕೆಲವನ್ನು ಎಲೆಕ್ಟ್ರಾನ್ ಬಗೆಗೆ ತಿರುಗಿಸಬೇಕು. ಅದರ ಜೊತೆಗೇ, ಪ್ರವಾಹದಲ್ಲಿ ಹುಟ್ಟಿನಿಂದ ಇದ್ದ ಎಲೆಕ್ಟ್ರಾನ್ ನ್ಯೂಟ್ರಿನೊಗಳಲ್ಲಿ ಕೆಲವನ್ನು ಮಾಯಮಾಡಬೇಕು, ಯಾಕೆಂದರೆ ಅವೂ ಸ್ಟೆರೈಲ್ ಆಗಿ ಬದಲಾಗುತ್ತವೆ. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆದರೆ ಒಟ್ಟು ಎಣಿಕೆಯಲ್ಲಿ ಏನೂ ಬದಲಾಗಿಲ್ಲವೆಂದೇ ಕಾಣುತ್ತದೆ. ಕಣ ಇದ್ದೂ ಇಲ್ಲದಂತೆ ತೋರಬಹುದು.

ಇದಕ್ಕೆ ಪರಿಹಾರ ಮೈಕ್ರೊಬೂನ್ ನಿಂತಿದ್ದ ಜಾಗದಲ್ಲೇ ಇತ್ತು. ಫರ್ಮಿಲ್ಯಾಬ್‌ನಲ್ಲಿ ನುಮಿ ಎಂಬ ಇನ್ನೊಂದು ನ್ಯೂಟ್ರಿನೊ ಪ್ರವಾಹವಿದೆ. 120 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಪ್ರೋಟಾನ್‌ಗಳಿಂದ ಹುಟ್ಟುವ ಅದರ ಅಂಚು ಓರೆಯಾಗಿ ಮೈಕ್ರೊಬೂನ್ ಮೇಲೂ ಬೀಳುತ್ತದೆ. ಬೂಸ್ಟರ್ ಪ್ರವಾಹದಲ್ಲಿ ಹುಟ್ಟಿನ ಎಲೆಕ್ಟ್ರಾನ್ ನ್ಯೂಟ್ರಿನೊಗಳು ಶೇ 1ಕ್ಕಿಂತ ಕಡಿಮೆ ಇದ್ದರೆ, ಮೈಕ್ರೊಬೂನ್‌ಗೆ ಬೀಳುವ ನುಮಿ ಪ್ರವಾಹದಲ್ಲಿ ಅವು ಸುಮಾರು ಶೇ 5. ಬೆರಕೆ ಬೇರೆಯಾದ್ದರಿಂದ ಕೂಡುವ–ಕಳೆಯುವ ಲೆಕ್ಕವೂ ಬೇರೆ. ಒಂದು ಪ್ರವಾಹದಲ್ಲಿ ಎರಡೂ ಸರಿದೂಗಿದರೆ ಇನ್ನೊಂದರಲ್ಲಿ ದೂಗಲಾರವು. ಒಂದೇ ಪತ್ತೆಯಂತ್ರದಲ್ಲಿ ಎರಡನ್ನೂ ಒಟ್ಟಿಗಿಟ್ಟು ನೋಡಿ ಬಂದದ್ದೇ 2025ರ ಡಿಸೆಂಬರ್‌ನ ತೀರ್ಮಾನ.

ಬೇರೆ ಕಡೆಗಳಿಂದಲೂ ಒತ್ತಡವಿತ್ತು. ನಾಲ್ಕನೆಯ ಅಲೆಯ ಮೂಲಕ ಮ್ಯೂಆನ್ ಬಗೆ ಎಲೆಕ್ಟ್ರಾನ್ ಬಗೆಯಾಗಬೇಕಾದರೆ ಆ ಅಲೆ ಎರಡರಲ್ಲೂ ಬೆರೆತಿರಬೇಕು. ಹಾಗಿದ್ದರೆ ಮ್ಯೂಆನ್ ನ್ಯೂಟ್ರಿನೊಗಳ ಸಂಖ್ಯೆಯಲ್ಲೂ ಕೊರತೆ ಕಾಣಬೇಕು. ಫರ್ಮಿಲ್ಯಾಬ್‌ನಿಂದ 735 ಕಿಲೋಮೀಟರ್ ಆಚೆ, ಮಿನೆಸೋಟದ ಗಣಿಯೊಂದರಲ್ಲಿದ್ದ ಮಿನೊಸ್ ಪ್ರಯೋಗಕ್ಕೆ ಅಂಥ ಕೊರತೆ ಸಿಗಲಿಲ್ಲ. ವಿಶ್ವದ ಆರಂಭದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕವೂ ಮೂರು ಬಗೆಗಳಿಗೇ ಹೊಂದುತ್ತದೆ.

ಈಗ ಉಳಿದಿರುವ ಕೆಲಸ

ಒಂದು ಹಗುರ ಸ್ಟೆರೈಲ್ ನ್ಯೂಟ್ರಿನೊ ಎಂಬ ಸರಳ ಉತ್ತರಕ್ಕೆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಆದರೆ ಎಲ್‌ಎಸ್‌ಎನ್‌ಡಿಯ 88, ಮಿನಿಬೂನ್‌ನ 638 ಎಲ್ಲಿಂದ ಬಂದವು ಎಂಬ ಪ್ರಶ್ನೆ ಹಾಗೇ ಇದೆ. ಅದಕ್ಕೇ ಫರ್ಮಿಲ್ಯಾಬ್‌ನಲ್ಲಿ ಬೂಸ್ಟರ್ ಪ್ರವಾಹದ ದಾರಿಯಲ್ಲಿ ಎರಡು ದ್ರವ ಆರ್ಗಾನ್ ಯಂತ್ರಗಳು ಈಗ ಒಟ್ಟಿಗೆ ಕೆಲಸ ಮಾಡುತ್ತಿವೆ. 110 ಮೀಟರ್ ದೂರದಲ್ಲಿ ಎಸ್‌ಬಿಎನ್‌ಡಿ. ಅದಕ್ಕೆ ಮೊದಲ ನ್ಯೂಟ್ರಿನೊಗಳು ಕಂಡದ್ದು 2024ರಲ್ಲಿ. 600 ಮೀಟರ್ ದೂರದಲ್ಲಿ ಇಕಾರಸ್. ಇಕಾರಸ್ ಮೊದಲು ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗೆ ಇತ್ತು. ಅಲ್ಲಿಂದ ದುರಸ್ತಿಗೆಂದು ಸರ್ನ್‌ಗೆ ಹೋಯಿತು. 2017ರಲ್ಲಿ ಅಟ್ಲಾಂಟಿಕ್ ದಾಟಿ ಫರ್ಮಿಲ್ಯಾಬ್ ಸೇರಿತು. ಹತ್ತಿರದ ಯಂತ್ರ ಬಗೆ ಬದಲಾಗುವ ಮುನ್ನ ಪ್ರವಾಹ ಹೇಗಿತ್ತು ಎಂದು ಅಳೆಯುತ್ತದೆ, ದೂರದ್ದು ಆಮೇಲೆ ಹೇಗಾಯಿತು ಎಂದು. ಎರಡೂ ಆರ್ಗಾನಿನವೇ ಆದ್ದರಿಂದ ಮಿನಿಬೂನ್‌ಗೆ ತೊಡಕಾಗಿದ್ದ ಹಿನ್ನೆಲೆಯ ಅನಿಶ್ಚಿತತೆ ಹೋಲಿಕೆಯಲ್ಲಿ ಬಹುಪಾಲು ಕಳೆದುಹೋಗುತ್ತದೆ.

ಜಪಾನಿನ ಟೊಕಾಯ್‌ನಲ್ಲಿರುವ ಜೆಎಸ್‌ಎನ್‌ಎಸ್-2 ಪ್ರಯೋಗ ಎಲ್‌ಎಸ್‌ಎನ್‌ಡಿಯನ್ನೇ ನೇರವಾಗಿ ಪರೀಕ್ಷಿಸುತ್ತಿದೆ. ಹುಟ್ಟುವ ನ್ಯೂಟ್ರಿನೊಗಳೂ ಅವೇ, ಗುರುತು ಹಿಡಿಯುವ ಜೋಡಿ ಮಿಂಚೂ ಅದೇ. ಆದರೆ ಪ್ರೋಟಾನ್ ಹೊಡೆತ ತೀರ ಗಿಡ್ಡ. ಹಾಗಾಗಿ ಪಯಾನ್‌ಗಳ ಗದ್ದಲ ಅಡಗುವವರೆಗೆ ಕಾದು, ನಿಧಾನವಾಗಿ ಒಡೆಯುವ ಮ್ಯೂಆನ್‌ಗಳ ನ್ಯೂಟ್ರಿನೊಗಳನ್ನಷ್ಟೇ ಎಣಿಸಬಹುದು. ತೈಲಕ್ಕೆ ಗ್ಯಾಡೊಲಿನಿಯಮ್ ಬೆರೆಸಿರುವುದರಿಂದ ನ್ಯೂಟ್ರಾನಿನ ಮಿಂಚು ಹೆಚ್ಚು ಪ್ರಖರ. ಭಾರೀ ಸ್ಟೆರೈಲ್ ನ್ಯೂಟ್ರಿನೊಗಳ ಹುಡುಕಾಟ ಬೇರೆಯೇ ಅಧ್ಯಾಯ. ನ್ಯೂಟ್ರಿನೊಗಳು ಇಷ್ಟು ಹಗುರವೇಕೆ ಎಂಬ ಪ್ರಶ್ನೆಗೆ ಅವು ಉತ್ತರವಾಗಬಹುದು. ಸರ್ನ್ 2024ರಲ್ಲಿ ಒಪ್ಪಿಗೆ ಕೊಟ್ಟ ಶಿಪ್ ಪ್ರಯೋಗ ಅಂಥವನ್ನು ಹುಡುಕಲಿದೆ. ಈ ಲೇಖನದ ಸೂತ್ರ ಅಲ್ಲಿಗೆ ಅನ್ವಯಿಸುವುದಿಲ್ಲ.

ಮುಗಿಸುವ ಮುನ್ನ ಒಂದು ಮನೆಗೆಲಸ. ಜೆಎಸ್‌ಎನ್‌ಎಸ್-2ರ ಮೊದಲ ಪತ್ತೆಯಂತ್ರ ಗುರಿಯಿಂದ 24 ಮೀಟರ್ ದೂರದಲ್ಲಿದೆ, ಎರಡನೆಯದು 48 ಮೀಟರ್ ದೂರದಲ್ಲಿ. ಶಕ್ತಿ 40 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದಿಟ್ಟುಕೊಳ್ಳಿ. ಫರ್ಮಿಲ್ಯಾಬ್‌ನ 110 ಮತ್ತು 600 ಮೀಟರುಗಳಿಗೆ ಶಕ್ತಿ 700 ಎಂದಿಟ್ಟುಕೊಳ್ಳಿ. ನಾಲ್ಕು ಭಾಗಲಬ್ಧಗಳನ್ನು ಬರೆದು, ವ್ಯತ್ಯಾಸ 1 ಆಗಿದ್ದರೆ ಯಾವ ಯಂತ್ರ ತುತ್ತತುದಿಗೆ ಹತ್ತಿರ, ಯಾವುದು ದೂರ ಎಂದು ಹೇಳಿ. ಎರಡೂ ಕಡೆ ಎರಡೆರಡು ಯಂತ್ರಗಳನ್ನು ಯಾಕೆ ಇಟ್ಟಿದ್ದಾರೆ ಎಂಬುದು ನಿಮ್ಮ ಲೆಕ್ಕದಿಂದಲೇ ತಿಳಿಯುತ್ತದೆ.